‘ಬರೆಯಲು ಏನೂ ಉಳಿದಿಲ್ಲ’: ವಾರದ ಅಂಕಣ ಬರೆಯುವವರೊಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ವೃತ್ತಿ, ಬರೆಯುವ ವಿಷಯ ಮೂರನ್ನೂ ಬದಲಿಸಿದೆ. ಪ್ರಕರಣವನ್ನು ಬರೆಯಲು ಅವರ ಲಿಖಿತ ಒಪ್ಪಿಗೆಯಿದೆ.)

ಬಂದವರು ನಲವತ್ತರ ಆಸುಪಾಸಿನವರು. ಕುಂಡದಲ್ಲಿ ಗಿಡ ಬೆಳೆಸುವ ಬಗ್ಗೆ ನಾಲ್ಕು ವರ್ಷದಿಂದ ವಾರಕ್ಕೊಂದು ಲೇಖನ ಬರೆಯುತ್ತಿದ್ದಾರೆ. ತಲಾ 800 ಪದ, ಗುರುವಾರ ರಾತ್ರಿ ಗಡುವು. ಹಗಲಿಗೆ ಬೇರೆ ನೌಕರಿ. ಮೊದಲ ಭೇಟಿಯಲ್ಲಿ ಹೇಳಿಕೊಂಡದ್ದು ಎರಡೇ ಮಾತು: “ಬರೆಯಲು ಏನೂ ಉಳಿದಿಲ್ಲ. ಬರೆದದ್ದೂ ಮೊದಲಿನ ಹಾಗಿರುವುದಿಲ್ಲ.” ಸೋಮವಾರದಿಂದಲೇ ಎದೆಯಲ್ಲಿ ಅಳುಕು, ಬುಧವಾರ ರಾತ್ರಿ ಹನ್ನೊಂದರಿಂದ ಎರಡರವರೆಗೆ ಖಾಲಿ ಪುಟದ ಮುಂದೆ ಕೂರುವುದು, ಶುಕ್ರವಾರ ಬೆಳಿಗ್ಗೆ ನಾಚಿಕೆ. ಹಿಂದಿನ ಮೂರು ತಿಂಗಳಲ್ಲಿ ಎರಡು ಸಲ ಹಳೆಯ ಲೇಖನವನ್ನೇ ಅಲ್ಲಲ್ಲಿ ತಿದ್ದಿ ಕಳಿಸಿದ್ದರು. ಯಾರೂ ಗುರುತಿಸಲಿಲ್ಲ. ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿತ್ತು.

ಇಂಥ ಅಹವಾಲು ಬಂದಾಗ ಬರವಣಿಗೆಯ ಮಾತಿಗೆ ಇಳಿಯುವ ಮುಂಚೆ ನೋಡಬೇಕಾದ್ದು ಒಂದಿದೆ. ಬತ್ತಿರುವುದು ಬರವಣಿಗೆಯೊಂದೇ, ಅಥವಾ ಎಲ್ಲದರಲ್ಲೂ ಆಸಕ್ತಿ ಹೋಗಿದೆಯೇ? ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಮಂಕಾಗಿದ್ದು, ನಿದ್ದೆ ಹಸಿವುಗಳು ಕೆಟ್ಟು, ಮೊದಲು ಇಷ್ಟವಾಗುತ್ತಿದ್ದದ್ದೂ ಬೇಡವಾಗಿದ್ದರೆ ಖಿನ್ನತೆಯ ತಪಾಸಣೆಗೆ ಕಳಿಸಬೇಕು. ಅಂಥವರ ಕೈಗೆ ಟಿಪ್ಪಣಿ ಪುಸ್ತಕ ಕೊಟ್ಟು ಕಳಿಸುವುದು ತಪ್ಪು ಚಿಕಿತ್ಸೆ. ಇವರ ವಿಷಯದಲ್ಲಿ ಹಾಗಿರಲಿಲ್ಲ. ಗಿಡಗಳ ಜತೆಗಿನ ಬೆಳಗಿನ ಅರ್ಧ ಗಂಟೆ ಈಗಲೂ ಖುಷಿ ಕೊಡುತ್ತಿತ್ತು. ನಿದ್ದೆ ಕೆಡುತ್ತಿದ್ದದ್ದು ವಾರದಲ್ಲಿ ಎರಡೇ ರಾತ್ರಿ.

ಆಗಲೇ ಮಾಡಿನೋಡಿದ ಉಪಾಯಗಳನ್ನು ಕೇಳಿದೆವು. ಎಐ ಚಾಟ್‌ನಲ್ಲಿ ‘ಕೈತೋಟದ ಬಗ್ಗೆ 50 ವಿಷಯ ಕೊಡು’ ಎಂದು ಕೇಳಿದ್ದರು, ಐವತ್ತೂ ಬಂದಿದ್ದವು. ‘ಒಳಾಂಗಣ ಗಿಡಗಳ ಪ್ರಯೋಜನಗಳು’, ‘ಗೊಬ್ಬರದ ಮಹತ್ವ’ ಈ ಬಗೆಯವು. ಒಂದರ ಮೇಲೂ ಬರೆಯಲು ಕೈ ಏಳಲಿಲ್ಲ. ಆ ಪಟ್ಟಿಯಲ್ಲಿ ಇದ್ದದ್ದು ಬರೀ ತಲೆಬರಹ, ಯಾರ ಕುಂಡವೂ ಅಲ್ಲಿ ಇರಲಿಲ್ಲ.

ಮೊದಲ ವಾರಕ್ಕೆ ಕೊಟ್ಟ ಕೆಲಸ ವಿಷಯ ಹುಡುಕುವುದಲ್ಲ. ಏಳು ದಿನ ಜೇಬಿನಲ್ಲಿ ಒಂದು ಚೀಟಿ ಪುಸ್ತಕ ಇಟ್ಟುಕೊಂಡು, ಮನಸ್ಸಿಗೆ ಬಂದು ತಾವೇ ‘ಬೇಡ’ ಎಂದ ಪ್ರತಿಯೊಂದನ್ನೂ ಬರೆಯಬೇಕು. ಜತೆಗೆ ಬಂದ ಹೊತ್ತು, ಬೇಡವೆಂದ ಕಾರಣ. ಒಳ್ಳೆಯ ವಿಷಯ ಬರೆದು ತನ್ನಿ ಎಂದಿದ್ದರೆ ಪುಸ್ತಕ ಖಾಲಿಯಾಗಿಯೇ ಬರುತ್ತಿತ್ತು. ತಿರಸ್ಕಾರಗಳನ್ನು ಬರೆಯಲು ಯಾರಿಗೂ ಸಂಕೋಚವಿರುವುದಿಲ್ಲ.

ಎರಡನೇ ಭೇಟಿಗೆ 19 ಸಾಲು ತಂದರು. ಒಂಬತ್ತರ ಮುಂದೆ ‘ಎಲ್ಲರಿಗೂ ಗೊತ್ತಿರುವುದು’, ಐದರ ಮುಂದೆ ‘ಹಿಂದೆ ಬರೆದಿದ್ದೇನೆ’, ಮೂರರ ಮುಂದೆ ‘ಒಂದು ಲೇಖನಕ್ಕೆ ಸಾಲದು’, ಎರಡರ ಮುಂದೆ ‘ನನಗೇ ಸರಿಯಾಗಿ ಗೊತ್ತಿಲ್ಲ’ ಎಂದಿತ್ತು. ಬಂದ ಹೊತ್ತುಗಳೂ ಕುತೂಹಲ ಹುಟ್ಟಿಸುವಂತಿದ್ದವು: ನೀರು ಹಾಕುವಾಗ, ನಡೆಯುವಾಗ, ಗೆಳೆಯರೊಬ್ಬರ ಜತೆ ಫೋನಿನಲ್ಲಿ. ಬುಧವಾರ ರಾತ್ರಿ ಮೇಜಿನ ಮುಂದೆ ಬಂದದ್ದು ಒಂದು. ವಿಷಯಕ್ಕೆ ಬರವಿರಲಿಲ್ಲ, ಬಂದದ್ದನ್ನು ಹೊಸ್ತಿಲಲ್ಲೇ ತಡೆದು ವಾಪಸು ಕಳಿಸಲಾಗುತ್ತಿತ್ತು. ಹೊಳೆಯುವುದು, ಆಯುವುದು ಎರಡೂ ಒಂದೇ ಕ್ಷಣದಲ್ಲಿ ನಡೆದರೆ ಆಯುವುದೇ ಗೆಲ್ಲುತ್ತದೆ. ಹುಟ್ಟಿದ ಗಳಿಗೆಯಲ್ಲಿ ಯಾವ ವಿಷಯಕ್ಕೂ ತನ್ನ ಪರವಾಗಿ ವಾದಿಸುವ ಶಕ್ತಿ ಇರುವುದಿಲ್ಲ.

ಆಮೇಲಿನ ಎರಡು ಭೇಟಿಗಳು ಈ ನಾಲ್ಕು ಕಾರಣಗಳಿಗೇ ಹೋದವು.

‘ಎಲ್ಲರಿಗೂ ಗೊತ್ತು’ ಎಂಬುದು ಪಳಗಿದವರ ರೋಗ. ತಾನು ಕಲಿತು ವರ್ಷಗಳಾದದ್ದನ್ನು ಲೋಕವೂ ಕಲಿತಿದೆ ಎಂದುಕೊಳ್ಳುವುದು. ಒಂಬತ್ತರಲ್ಲಿ ಒಂದು ‘ಗಿಡಕ್ಕೆ ನೀರು ಹಾಕುವುದು’. ಅಷ್ಟು ಅಗಲವಾಗಿದ್ದರೆ ಅದು ಎಲ್ಲರಿಗೂ ಗೊತ್ತಿರುವುದೇ. ಕುಳಿತಲ್ಲೇ ಅದಕ್ಕೆ ಐದು ಪ್ರಶ್ನೆ ಹಾಕಿಸಿದೆವು. ಇದು ಯಾವಾಗ ಕೆಡುತ್ತದೆ? ಕೆಟ್ಟದ್ದು ಕಣ್ಣಿಗೆ ಹೇಗೆ ಕಾಣುತ್ತದೆ? ಏಕೆ ಹಾಗಾಗುತ್ತದೆ? ಯಾವ ಗಿಡಕ್ಕೆ ಈ ನಿಯಮ ಹೊಂದುವುದಿಲ್ಲ? ತಿಳಿದವರಲ್ಲೇ ಎಲ್ಲಿ ಭಿನ್ನಾಭಿಪ್ರಾಯವಿದೆ? ಮೊದಲ ಪ್ರಶ್ನೆಗೇ ಅವರು ಹತ್ತು ನಿಮಿಷ ಮಾತಾಡಿದರು. ಕುಂಡದ ಮಿಶ್ರಣ ಪೂರ್ತಿ ಒಣಗಿದರೆ ನೀರನ್ನು ಹೀರುವುದನ್ನೇ ಬಿಡುತ್ತದೆ, ಕುಗ್ಗಿ ಕುಂಡದ ಗೋಡೆಯಿಂದ ಬೇರ್ಪಡುತ್ತದೆ. ಹಾಕಿದ ನೀರು ಆ ಸಂದಿಯಿಂದ ಇಳಿದು ತಟ್ಟೆ ತುಂಬುತ್ತದೆ. ನೋಡಿದವರು ನೀರು ಸಾಕಾಯಿತೆಂದುಕೊಳ್ಳುತ್ತಾರೆ, ಬೇರು ಮಾತ್ರ ಒಣಗಿಯೇ ಇರುತ್ತದೆ. ಕುಂಡವನ್ನೇ ಎತ್ತಿ ಬಕೆಟ್ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಇಡಬೇಕು. “ಇದನ್ನು ಬರೆದಿದ್ದೀರಾ?” ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ, ಇದು ವಿಷಯ ಅಂತ ಅನ್ನಿಸಿರಲಿಲ್ಲ” ಎಂದರು. ‘ನೀರು ಹಾಕುವುದು’ ಎಂಬ ಒಂದು ಸಾಲಿನಿಂದ ಆ ದಿನ ಬರೆಯಬಹುದಾದ ಆರು ಪ್ರಶ್ನೆ ಹೊರಟವು. ವಿಷಯ ಕಿರಿದಾದಷ್ಟೂ ಹೇಳುವುದು ಹೆಚ್ಚುತ್ತದೆ. ಇದು ಎಲ್ಲರಿಗೂ ತಲೆಕೆಳಗಾಗಿ ಕಾಣುತ್ತದೆ, ಆದ್ದರಿಂದ ಹೇಳಿದರೆ ಸಾಲದು, ಎದುರಿಗೆ ಕೂರಿಸಿಕೊಂಡು ಮಾಡಿಸಬೇಕು.

‘ಹಿಂದೆ ಬರೆದಿದ್ದೇನೆ’ ಎಂಬುದಕ್ಕೆ ಕೊಟ್ಟ ಕೆಲಸ ಬೇರೆ. ನಾಲ್ಕು ವರ್ಷವೆಂದರೆ ಸುಮಾರು 200 ಲೇಖನ. ಅವುಗಳ ತಲೆಬರಹ ಓದುತ್ತಾ, ಇವತ್ತು ಬರೆದರೆ ಯಾವ ಮಾತನ್ನು ಬದಲಿಸುತ್ತೀರಿ ಎಂದು ಗುರುತು ಹಾಕಲು ಹೇಳಿದೆವು. ಎರಡನೇ ವರ್ಷ ಬರೆದದ್ದೊಂದು ಸಿಕ್ಕಿತು: ನೀರು ಚೆನ್ನಾಗಿ ಬಸಿಯಲು ಕುಂಡದ ತಳಕ್ಕೆ ಜಲ್ಲಿ ಹಾಕಿ ಎಂಬ ಸಲಹೆ. ಅದು ತಪ್ಪೆಂದು ಅವರಿಗೆ ಆಮೇಲೆ ತಿಳಿದಿತ್ತು. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಗಡಿಯಲ್ಲೇ ತಂಗುತ್ತದೆ. ತಳದಲ್ಲಿ ಇರಬೇಕಿದ್ದ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತಪ್ಪು ಹೇಳಿದ್ದೆ ಎಂದು ಬರೆದರೆ ಮರ್ಯಾದೆ ಹೋಗುತ್ತದೆಂಬ ಭಯ ಅವರಿಗೆ. ಮುಂದಿನ ಆರು ತಿಂಗಳಲ್ಲಿ ಬರೆದವುಗಳಲ್ಲಿ ಅತಿ ಹೆಚ್ಚು ಪತ್ರ ಬಂದದ್ದು ಆ ತಿದ್ದುಪಡಿ ಲೇಖನಕ್ಕೇ.

‘ಸಾಲದು’ ಎಂಬವನ್ನು ಹಾಗೇ ಇಟ್ಟುಕೊಂಡರೆ ಸಾಕು, ಮೂರು ಸೇರಿದಾಗ ಒಂದಾಗುತ್ತವೆ. ‘ಗೊತ್ತಿಲ್ಲ’ ಎಂಬವನ್ನು ಪಟ್ಟಿಯ ತಲೆಗೆ ಏರಿಸಿದೆವು. ಬರೆಯುವವರು ತಾವೂ ಹುಡುಕಿಕೊಂಡು ಹೊರಟಾಗ ವಾಕ್ಯಕ್ಕೆ ಬೇರೆಯೇ ಚುರುಕು ಬರುತ್ತದೆ.

ಚೀಟಿಗೆ ಒಂದು ರೂಪ ಕೊಟ್ಟೆವು. ಒಂದು ಚೀಟಿಗೆ ಒಂದೇ ವಿಷಯ, ಅದೂ ಪ್ರಶ್ನೆಯ ರೂಪದಲ್ಲಿ. ‘ಎಲೆ ಹಳದಿಯಾಗುವುದು’ ಎಂದು ಬರೆದಿಟ್ಟರೆ ಮೂರು ವಾರದ ಮೇಲೆ ಅದು ಸತ್ತ ಅಕ್ಷರ. ‘ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗುವುದಕ್ಕೂ ತುದಿಯ ಎಳೆ ಎಲೆ ಮೊದಲು ಹಳದಿಯಾಗುವುದಕ್ಕೂ ಏನು ವ್ಯತ್ಯಾಸ?’ ಎಂದಿದ್ದರೆ ಉತ್ತರ ತಾನೇ ಎಳೆದುಕೊಂಡು ಬರುತ್ತದೆ: ಸಾರಜನಕ ಕಡಿಮೆಯಾದಾಗ ಗಿಡ ಹಳೆ ಎಲೆಯಿಂದ ತೆಗೆದು ಹೊಸದಕ್ಕೆ ಸಾಗಿಸುತ್ತದೆ, ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಪ್ರಶ್ನೆಯ ಕೆಳಗೆ ಮೂರು ಸಾಲು: ಇದನ್ನು ಎಲ್ಲಿ ಕಂಡೆ, ಯಾರು ಕೇಳಿದರು. ಮೂರನೆಯದು, ಬರೆಯಲು ಇನ್ನೇನು ತಿಳಿಯಬೇಕು. ಅಷ್ಟೇ. ಬಣ್ಣದ ಪಟ್ಟಿ, ವಿಭಾಗ, ಆಪ್ ಎಲ್ಲ ಬೇಡವೆಂದು ಕಟ್ಟುನಿಟ್ಟಾಗಿ ಹೇಳಿದೆವು, ಏಕೆಂದರೆ ಬರೆಯುವುದನ್ನು ಮುಂದೂಡುವವರಿಗೆ ವ್ಯವಸ್ಥೆ ಕಟ್ಟುವಷ್ಟು ಹಿತವಾದ ನೆಪ ಇನ್ನೊಂದಿಲ್ಲ.

ಹೊತ್ತಿನ ವಿಚಾರಕ್ಕೆ ಬಂದಾಗ ಅವರು ತಕರಾರು ತೆಗೆದರು: ಗಂಟೆ ನೋಡಿ ಬರೆದರೆ ಸ್ಫೂರ್ತಿ ಸಾಯುತ್ತದೆ. ಈ ನಂಬಿಕೆಯನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 27 ಅಧ್ಯಾಪಕರೊಂದಿಗೆ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ್ದರು. ಒಂದು ಗುಂಪು ತುರ್ತಿದ್ದರೆ ಮಾತ್ರ ಬರೆಯಬೇಕು, ಇನ್ನೊಂದು ಮನಸ್ಸು ಬಂದಾಗ, ಮತ್ತೊಂದು ಗೊತ್ತುಪಡಿಸಿದ ದಿನ ಬರೆಯಲೇಬೇಕು. ಮೂರನೆಯ ಗುಂಪು ಹೆಚ್ಚು ಪುಟ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಹೊಳಹುಗಳೂ ಅವರಿಗೇ ಹೆಚ್ಚು ಬಂದವು, ಹೆಚ್ಚುಕಡಿಮೆ ದಿನಕ್ಕೊಂದು. ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು. ಇದನ್ನು ಕೇಳಿ ಅವರು ಒಪ್ಪಿದರೆಂದಲ್ಲ, ನಾಲ್ಕು ವಾರ ಮಾಡಿನೋಡಲು ಒಪ್ಪಿದರು. ಅಷ್ಟು ಸಾಕಿತ್ತು.

ವಾರ ಹೀಗೆ ಹಂಚಿಕೆಯಾಯಿತು. ಶನಿವಾರ ಬೆಳಿಗ್ಗೆ 15 ನಿಮಿಷ ಚೀಟಿ ನೋಡಿ ಒಂದನ್ನು ಆರಿಸುವುದು. ಆಯ್ಕೆ ಆ ದಿನ ಮಾತ್ರ, ಬೇರೆ ದಿನ ಬಂದದ್ದನ್ನೆಲ್ಲ ಬರೆದುಕೊಳ್ಳುವುದಷ್ಟೇ. ಭಾನುವಾರ 40 ನಿಮಿಷ ಗೊತ್ತಿಲ್ಲದ್ದನ್ನು ಹುಡುಕಿ ತಿಳಿಯುವುದು. ಸೋಮವಾರ, ಮಂಗಳವಾರ ತಲಾ 30 ನಿಮಿಷ ಒರಟು ಕರಡು, ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಬುಧವಾರ ರಜೆ. ಗುರುವಾರ ಸಂಜೆ ಒಂದು ಗಂಟೆ ತಿದ್ದುವುದು. ಬುಧವಾರದ ಬಿಡುವು ದಯೆಯಿಂದ ಕೊಟ್ಟದ್ದಲ್ಲ. ಒಂದಾದರೂ ಪೂರ್ತಿ ದಿನ ನಡುವೆ ಬಿದ್ದರೆ ತನ್ನ ವಾಕ್ಯವನ್ನು ಬೇರೆಯವರ ವಾಕ್ಯದಂತೆ ಓದಲು ಬರುತ್ತದೆ. ಬರೆಯಲು ಕೂರುವ ಗಳಿಗೆಯನ್ನು ಆಗಲೇ ಇರುವ ಒಂದು ಅಭ್ಯಾಸಕ್ಕೆ ಗಂಟು ಹಾಕಿದೆವು: ‘ಸಂಜೆ ಗಿಡಕ್ಕೆ ನೀರು ಹಾಕಿ ಕೈ ತೊಳೆದ ಕೂಡಲೇ ಮೇಜಿಗೆ.’ ‘ಹೊತ್ತು ಸಿಕ್ಕಾಗ’ ಎಂಬುದು ಯೋಜನೆಯಲ್ಲ.

ಗುಣಮಟ್ಟದ ಕೊರಗು ಇನ್ನೂ ಉಳಿದಿತ್ತು. ಅದಕ್ಕೆ ಸಮಾಧಾನದ ಮಾತು ಹೇಳಲಿಲ್ಲ, ಒಂದು ಪರೀಕ್ಷೆ ಮಾಡಿಸಿದೆವು. ಪ್ರತಿ ಲೇಖನ ಮುಗಿದ ರಾತ್ರಿ, ಹತ್ತರಲ್ಲಿ ಇಷ್ಟೆಂದು ಅಂಕ ಬರೆದು ಲಕೋಟೆಯಲ್ಲಿ ಮುಚ್ಚಿಡುವುದು, ನಾಲ್ಕು ವಾರದ ಮೇಲೆ ಅದೇ ಲೇಖನ ಓದಿ, ಲಕೋಟೆ ತೆರೆಯದೆ ಮತ್ತೆ ಅಂಕ ಕೊಡುವುದು. ಎಂಟು ಲೇಖನ ಮುಗಿದಾಗ ಎರಡನ್ನೂ ಹೋಲಿಸಿದೆವು. 3 ಎಂದು ಬರೆದಿಟ್ಟ ಒಂದಕ್ಕೆ 7 ಕೊಟ್ಟಿದ್ದರು, 8 ಎಂದದ್ದಕ್ಕೆ 5. ಎರಡು ಲೇಖನಗಳಲ್ಲಿ ಮಾತ್ರ ಎರಡೂ ಅಂಕಗಳು ಒಂದಕ್ಕೊಂದು ಹತ್ತಿರವಿದ್ದವು. ರಾತ್ರಿಯ ಅಂಕ ಅಳೆಯುತ್ತಿದ್ದದ್ದು ಲೇಖನವನ್ನಲ್ಲ, ಬರೆಯುವಾಗ ಪಟ್ಟ ಪಾಡನ್ನು. ಕಷ್ಟಪಟ್ಟದ್ದು ಕೆಟ್ಟದೆಂದೂ ಸಲೀಸಾಗಿ ಬಂದದ್ದು ಒಳ್ಳೆಯದೆಂದೂ ಅನಿಸುತ್ತಿತ್ತು.

ಹಾಗೆಂದು ಕೊರಗು ಪೂರ್ತಿ ಸುಳ್ಳೂ ಅಲ್ಲ. ನಾಲ್ಕು ವಾರದ ಮೇಲೆ ಅವರೇ ಕಡಿಮೆ ಅಂಕ ಕೊಟ್ಟ ಮೂರು ಲೇಖನಗಳಲ್ಲಿ ಸಮಾನ ದೋಷವಿತ್ತು: ಮೊದಲ ಪ್ಯಾರಾದಲ್ಲಿ ಪೀಠಿಕೆ ಬಿಟ್ಟು ಏನೂ ಇಲ್ಲ, ನಡುವೆ ಕೇಳಿದ ಮಾತನ್ನು ಕಂಡ ಮಾತಿನಂತೆ ಬರೆದಿದೆ. ಹಾಗಾಗಿ ಗುರುವಾರದ ಒಂದು ಗಂಟೆಯನ್ನು ಮೂರು ಓದಿಗೆ ಒಡೆದೆವು, ಒಂದು ಓದಿನಲ್ಲಿ ಒಂದೇ ಕೆಲಸ. ಮೊದಲನೆಯದು ಸಂಗತಿಗೆ: ಪ್ರತಿ ಅಂಕಿ, ಪ್ರತಿ ಹೇಳಿಕೆಯ ಪಕ್ಕ ‘ಕಂಡದ್ದು’, ‘ಓದಿದ್ದು’, ‘ಕೇಳಿದ್ದು’ ಎಂದು ಗುರುತು. ಕೇಳಿದ್ದನ್ನು ಖಚಿತಪಡಿಸಿಕೊಳ್ಳಬೇಕು, ಆಗದಿದ್ದರೆ ತೆಗೆಯಬೇಕು. ಎರಡನೆಯದು ಕ್ರಮಕ್ಕೆ: ಮೊದಲ ಪ್ಯಾರಾವನ್ನು ಕೈಯಿಂದ ಮುಚ್ಚಿ ಎರಡನೆಯದರಿಂದ ಓದಿ, ಏನೂ ಕಳೆದುಹೋಗಿಲ್ಲವೆಂದಾದರೆ ಮೊದಲನೆಯದು ಹೋಗಲಿ. ಮೂರನೆಯದು ಬಾಯಿಬಿಟ್ಟು ಓದುವುದು, ನಾಲಗೆ ಎಡವಿದಲ್ಲಿ ಗೆರೆ. ಮೂರನ್ನೂ ಒಟ್ಟಿಗೆ ಮಾಡಹೊರಟವರು ಅಲ್ಪವಿರಾಮ ತಿದ್ದುತ್ತಾ ತಪ್ಪು ಅಂಕಿಯನ್ನು ಹಾಗೇ ಬಿಟ್ಟುಬಿಡುತ್ತಾರೆ. ಓದಿ ನೋಡುವ ಗೆಳೆಯರಿಗೆ “ಹೇಗಿದೆ?” ಎಂದು ಕೇಳಬೇಡಿ, “ಎಲ್ಲಿ ಓದು ನಿಲ್ಲಿಸೋಣ ಅನ್ನಿಸಿತು?” ಎಂದು ಕೇಳಿ ಎಂದೆವು. ಮೊದಲ ಪ್ರಶ್ನೆಗೆ ಸಿಗುವುದು ಸೌಜನ್ಯ.

ಇನ್ನೊಂದು ಸಂಗತಿ ಐದನೇ ಭೇಟಿಯಲ್ಲಿ ಆಕಸ್ಮಿಕವಾಗಿ ಹೊರಬಂತು. 800 ಪದ ಎಂಬುದನ್ನು ಸಂಪಾದಕರು ಹೇಳಿಯೇ ಇರಲಿಲ್ಲ. ಮೊದಲ ಲೇಖನ ಅಷ್ಟಿತ್ತು, ಅದೇ ಕಟ್ಟಳೆಯಾಗಿತ್ತು. ಕೇಳಿ ನೋಡಿ ಎಂದೆವು. 500ರಿಂದ 900ರವರೆಗೆ ಎಷ್ಟಾದರೂ ಸರಿ, ಆರು ವಾರಕ್ಕೊಮ್ಮೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರೂ ಸರಿ ಎಂಬ ಉತ್ತರ ಬಂತು. ಕರಡುಗಳಲ್ಲಿ ಕಾಣುತ್ತಿದ್ದ ಹಿಗ್ಗಿಸಿದ ವಾಕ್ಯಗಳ ಮೂಲ ಅಲ್ಲಿತ್ತು.

ಎಡವಿದ್ದೂ ಇದೆ. ಎರಡು ತಿಂಗಳಲ್ಲಿ ಚೀಟಿಗಳು 130 ದಾಟಿದವು, ಶನಿವಾರದ 15 ನಿಮಿಷ ಒಂದೂವರೆ ಗಂಟೆಯಾಯಿತು. ಖಾಲಿ ಪುಟದ ಭಯ ತುಂಬಿದ ಡಬ್ಬಿಯ ಭಯವಾಗಿ ಮರಳಿತ್ತು. ಮಿತಿ 40 ಎಂದು ಗೊತ್ತುಮಾಡಿದೆವು. ತಿಂಗಳಿಗೊಮ್ಮೆ ಓದುವಾಗ ಕುತೂಹಲ ಕೆರಳಿಸದ ಚೀಟಿ ಕಸಕ್ಕೆ. ಜ್ವರಕ್ಕೋ ಪ್ರಯಾಣಕ್ಕೋ ಎಂದು ಋತುವಿನ ಹಂಗಿಲ್ಲದ ಎರಡು ಲೇಖನ ತಯಾರಿಸಿಡಲು ಹೇಳಿದ್ದೆವು. ಅವು ಎಷ್ಟು ಚೆನ್ನಾಗಿ ಬಂದವೆಂದರೆ ಬಳಸಲು ಮನಸ್ಸಾಗದೆ, ಜ್ವರದಲ್ಲೂ ಹೊಸದನ್ನೇ ಬರೆದರು! ಆಮೇಲೆ, ಬರೆದು ಎಂಟು ವಾರವಾದ ಮೀಸಲು ಲೇಖನ ಹೋಗಲೇಬೇಕೆಂದು ಗೊತ್ತುಮಾಡಿದೆವು. ಒಂದು ವಾರ ದಿನಚರಿ ಪೂರ್ತಿ ಮುರಿದು ಬಿದ್ದಾಗ “ಎಲ್ಲ ಮುಗಿಯಿತು” ಎಂದು ಸಂದೇಶ ಬಂತು. ಅಭ್ಯಾಸ ಕೂರುವ ಬಗೆಯನ್ನು ಕುರಿತು ಫಿಲಿಪಾ ಲಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸವಾಗಲು ಹಿಡಿದ ಕಾಲ 18ರಿಂದ 254 ದಿನಗಳವರೆಗೆ ಹರಡಿತ್ತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಿರಲಿಲ್ಲ. ಅದನ್ನು ತಿಳಿಸಿ, ತಪ್ಪಿದ ವಾರದ ಬಾಕಿಯನ್ನು ತೀರಿಸಹೋಗಬೇಡಿ, ಮುಂದಿನ ಶನಿವಾರ ಚೀಟಿ ತೆರೆದರೆ ಸಾಕು ಎಂದೆವು.

ಏಳು ಭೇಟಿಗಳಿಗೆ ಪ್ರಕರಣ ಮುಗಿಸಿದೆವು. ಕೊನೆಯ ಹೊತ್ತಿಗೆ ಬುಧವಾರದ ನಿದ್ದೆ ನೆಟ್ಟಗಾಗಿತ್ತು, ಗುರುವಾರದ್ದು ಒಮ್ಮೊಮ್ಮೆ ಕೆಡುತ್ತಿತ್ತು. ಮರಳಿ ಬರಬೇಕಾದ ಲಕ್ಷಣಗಳನ್ನು ಬರೆದು ಕೊಟ್ಟಿದ್ದೇವೆ: ಸತತ ಮೂರು ವಾರ ಬುಧವಾರ ರಾತ್ರಿ ಬರೆಯುವಂತಾದರೆ, ತಿಂಗಳಿಡೀ ಒಂದೂ ಹೊಸ ಚೀಟಿ ಬೀಳದಿದ್ದರೆ, ಅಥವಾ ಬೆಳಿಗ್ಗೆ ಗಿಡಗಳ ಹತ್ತಿರ ಹೋಗುವುದೇ ಬೇಡವೆನಿಸಿದರೆ. ಮೂರನೆಯದಾದರೆ ಭೇಟಿಯ ದಿನಕ್ಕೆ ಕಾಯದೆ ಅಂದೇ ಫೋನ್ ಮಾಡಬೇಕೆಂದು ಅದರ ಕೆಳಗೆ ಗೆರೆ ಎಳೆದಿದೆ.