1843ರ ಕಾಯ್ದೆ ಯಾರನ್ನು ಬಿಡುಗಡೆ ಮಾಡಿತು?

ಪ್ರಶ್ನೆ: ಬ್ರಿಟಿಷರು 1833ರಲ್ಲೇ ಗುಲಾಮಗಿರಿ ರದ್ದು ಮಾಡಿದರು ಅಂತ ಓದಿದ್ದೆ. ಹಾಗಾದರೆ ಭಾರತಕ್ಕೆ 1843ರಲ್ಲಿ ಬೇರೆ ಕಾಯ್ದೆ ಯಾಕೆ ಬೇಕಾಯಿತು? ಅದರಿಂದ ಆಳುಗಳಿಗೆ ನಿಜವಾಗಿ ಬಿಡುಗಡೆ ಸಿಕ್ಕಿತಾ?

ಉತ್ತರ: 1833ರ ಕಾಯ್ದೆ ನಮಗೆ ಅನ್ವಯಿಸಲೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶ, ಸಿಲೋನ್, ಸೇಂಟ್ ಹೆಲೆನಾ, ಈ ಮೂರನ್ನೂ ಅದರಲ್ಲೇ ಹೊರಗಿಟ್ಟಿದ್ದರು. ಉಳಿದ ವಸಾಹತುಗಳ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು, ಗುಲಾಮರಿಗೆ ಒಂದು ಕಾಸೂ ಇಲ್ಲ.

ಇಲ್ಲಿನ ಕಥೆ ಬೇರೆ. ಗುಲಾಮರ ಕೇಸುಗಳಿಗೂ ಹಿಂದೂ, ಮುಸ್ಲಿಂ ಧರ್ಮಶಾಸ್ತ್ರವನ್ನೇ ನೋಡಬೇಕು ಅಂತ ಬಂಗಾಳದ ಸದರ್ ದಿವಾನಿ ಅದಾಲತ್, ಅಂದರೆ ಕಂಪನಿಯ ಅಲ್ಲಿನ ಅತಿ ಮೇಲಿನ ಸಿವಿಲ್ ಕೋರ್ಟು, 1798ರಲ್ಲಿ ಹೇಳಿತು. ಹಾಗಾಗಿ ಮನುಷ್ಯನ ಮೇಲಿನ ಒಡೆತನವೂ ಜಮೀನಿನ ತಕರಾರಿನ ಹಾಗೆ ಕೋರ್ಟಿನಲ್ಲಿ ಕೇಳಬಹುದಾದ ಹಕ್ಕಾಯಿತು. ಮಲಬಾರ್, ಕೆನರಾ ಕಡೆ ಜಮೀನಿನ ಜೊತೆ ಅದರಲ್ಲಿ ದುಡಿಯುವವರನ್ನೂ ಮಾರುತ್ತಿದ್ದರು, ಅಡವಿಡುತ್ತಿದ್ದರು, ಮಲಬಾರಿನಲ್ಲಂತೂ ಕಂದಾಯ ಬಾಕಿಗೆ ಆಳುಗಳನ್ನು ಹರಾಜು ಹಾಕಿದ್ದೂ ಉಂಟು. ಒಡೆಯ ಆಳಿಗೆ 'ಮಿತವಾಗಿ' ಹೊಡೆದರೆ ಅದು ಅಪರಾಧವೋ ಅಲ್ಲವೋ ಅಂತ ಲಾ ಕಮಿಷನ್‌ನಲ್ಲೇ, ಅಂದರೆ ಆಗಿನ ಸರ್ಕಾರದ ಕಾನೂನು ಆಯೋಗದಲ್ಲೇ, ಚರ್ಚೆ ನಡೆಯಿತು. ಹೊಡೆತ ತಿಂದವರ ಮಾತು ಮಾತ್ರ ಆ ಚರ್ಚೆಯಲ್ಲಿ ಸಿಗುವುದೇ ಅಪರೂಪ.

ಇನ್ನು 1843ರ 5ನೇ ಕಾಯ್ದೆ. ಬಹಳ ಚಿಕ್ಕದು. 'ಇವತ್ತಿನಿಂದ ಎಲ್ಲರೂ ಸ್ವತಂತ್ರರು' ಅಂತ ಅದರಲ್ಲಿ ಎಲ್ಲೂ ಇಲ್ಲ! ಕಂದಾಯ ಬಾಕಿಗಾಗಿ ಯಾವ ಅಧಿಕಾರಿಯೂ ಮನುಷ್ಯರನ್ನು ಮಾರುವಂತಿಲ್ಲ, 'ಇವನು ನನ್ನ ಗುಲಾಮ' ಅಂತ ಬಂದವನ ಹಕ್ಕನ್ನು ಯಾವ ಕೋರ್ಟೂ ಎತ್ತಿಹಿಡಿಯುವಂತಿಲ್ಲ, ಗುಲಾಮ ಅನ್ನುವ ಕಾರಣಕ್ಕೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಸ್ವತಂತ್ರನಿಗೆ ಮಾಡಿದರೆ ಯಾವುದು ಅಪರಾಧವೋ ಗುಲಾಮನಿಗೆ ಮಾಡಿದರೂ ಅದು ಅಪರಾಧ ಅನ್ನುವ ಕೊನೆಯ ಮಾತೇ ನನ್ನ ಪ್ರಕಾರ ಅತಿ ದೊಡ್ಡದು.

ಆದರೆ ಒಡೆಯನಿಗೆ ಕೋರ್ಟಿನ ಬಾಗಿಲು ಮುಚ್ಚಿತೇ ಹೊರತು, ಆಳಿಗೆ ಬೇರೆ ಬದುಕು ತೋರಿಸಲಿಲ್ಲ. ಜಮೀನಿಲ್ಲ, ಕೂಲಿ ಹೇಳುವವನು ಅದೇ ಒಡೆಯ, ಮೇಲಿಂದ ಸಾಲ. ಕಾಯ್ದೆ ಬಂದಿದೆ ಅಂತ ಅವರಿಗೆ ಹೇಳಲು ಯಾರು ಹೋಗಿದ್ದರು? 1860ರ ದಂಡ ಸಂಹಿತೆಯಲ್ಲಿ ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧವಾಯಿತು, ನಿಜ. ಆದರೆ ಅದಕ್ಕೆ ಒಂದು ವರ್ಷ ಮುಂಚೆ, 1859ರಲ್ಲಿ, ಇನ್ನೊಂದು ಕಾಯ್ದೆ ಬಂದಿತ್ತು: ಮುಂಗಡ ಪಡೆದ ಕೆಲಸಗಾರ ನಡುವೆ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟ್ ಅವನಿಗೆ ಹಣ ವಾಪಸ್ ಕೊಡು ಇಲ್ಲವೇ ಕೆಲಸ ಮಾಡು ಅನ್ನಬಹುದು, ಕೇಳದಿದ್ದರೆ 3 ತಿಂಗಳವರೆಗೆ ಜೈಲು. ಗುಲಾಮ ಅಂತ ಎಳೆತರಲು ಆಗದವನನ್ನು ಸಾಲಗಾರ ಅಂತ ಎಳೆತರಬಹುದಾಯಿತು, ಅಲ್ವಾ? ಅದನ್ನು ರದ್ದು ಮಾಡಿದ್ದು 1925ರಲ್ಲಿ. ಜೀತದ ಸಾಲವೇ ರದ್ದು, ಅದರ ವಸೂಲಿಗೆ ಯಾರೂ ಕೋರ್ಟಿಗೆ ಬರುವಂತಿಲ್ಲ ಅಂತ ದೇಶಕ್ಕೆಲ್ಲ ಕಾನೂನಾಗಿದ್ದು 1976ರಲ್ಲಿ.