500 ಗೋಲು ಹೊಡೆದವರಿಗೆಲ್ಲ ಐಸ್ ಹಾಕಿಯ ಹಾಲ್ ಆಫ್ ಫೇಮ್ ಗ್ಯಾರಂಟಿ ಆಗಬೇಕೇ?

ಬೇಡ. ಶ್ರೇಷ್ಠ ಆಟಗಾರರನ್ನು ಗೌರವಿಸುವ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಗೋಲಿನ ಲೆಕ್ಕದ ನಿಯಮವೇ ಇಲ್ಲ. 18 ಜನರ ಸಮಿತಿಯಲ್ಲಿ 14 ಮತ ಬೇಕು. ಎನ್‌ಎಚ್‌ಎಲ್‌ನಲ್ಲಿ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) 608 ಗೋಲು ಹೊಡೆದ ಡೀನೋ ಸಿಸರೆಲಿ 1999ರಲ್ಲಿ ಆಟ ಬಿಟ್ಟರು, ಒಳಗೆ ಹೋಗಿದ್ದು 2010ರಲ್ಲಿ. ಇಷ್ಟು ಕಾಯಿಸಿದ್ದು ತಪ್ಪು ಅಂತಲೇ ನನಗನ್ನಿಸುತ್ತದೆ.

ಆದರೂ ಗ್ಯಾರಂಟಿ ಸರಿಯಲ್ಲ. 1980ರ ದಶಕದಲ್ಲಿ ಗೋಲುಗಳು ಜಾಸ್ತಿ ಬರುತ್ತಿದ್ದವು. 90ರ ದಶಕದ ಕೊನೆಗೆ ರಕ್ಷಣೆ ಬಿಗಿಯಾಯಿತು, ಗೋಲ್‌ಕೀಪರ್‌ಗಳ ಪ್ಯಾಡೂ ದೊಡ್ಡದಾಯಿತು. ಎರಡೂ ಕಾಲಕ್ಕೆ ಒಂದೇ ಅಳತೆ ಹೇಗೆ? ಗಾಯಗಳಿಂದ ಬಳಲಿದ ಪೀಟರ್ ಫೋರ್ಸ್‌ಬರ್ಗ್ 708 ಪಂದ್ಯಗಳಲ್ಲಿ ಹೊಡೆದದ್ದು 249 ಗೋಲು, ಆದರೆ ಗಳಿಸಿದ ಪಾಯಿಂಟ್ (ಹೊಡೆದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) 885! ಬಾಬ್ ಗೇನಿ ಹೆಸರು ಮಾಡಿದ್ದೇ ಎದುರಾಳಿಯನ್ನು ತಡೆಯುವುದರಲ್ಲಿ. ಇಬ್ಬರೂ ಅಲ್ಲಿದ್ದಾರೆ, ಇರಲೇಬೇಕಾದವರು.

ಬದಲಾಗಬೇಕಾದ್ದು ಸಮಿತಿಯ ಗುಟ್ಟು. ಯಾರಿಗೆ ಎಷ್ಟು ಮತ ಬಿತ್ತು ಅಂತ ಹೊರಗೆ ಹೇಳಬೇಕು, ಅಲ್ವಾ?