ಅತ್ತೆಯವರನ್ನೂ ಕರೆದುಕೊಂಡು ಹೋಗಿ

ಪ್ರಶ್ನೆ: ನಾನು ಮೈಸೂರಿನವಳು, ಮದುವೆಯಾಗಿ ಕೆನಡಾದ ಸ್ಕಾರ್ಬರೋದಲ್ಲಿದ್ದೇನೆ. ಪತಿ ಶ್ರೀಲಂಕಾದ ಜಾಫ್ನಾ ಬಳಿಯ ತೆಲ್ಲಿಪ್ಪಳೈ ಊರಿನವರು. 1990ರಲ್ಲಿ, ಒಂಬತ್ತನೇ ವಯಸ್ಸಿಗೆ, ಯುದ್ಧದ ದೆಸೆಯಿಂದ ಊರು ಬಿಟ್ಟರು. ಈಗ ಮಕ್ಕಳಿಗೆ ಮನೆ ತೋರಿಸಬೇಕೆಂದಿದ್ದಾರೆ. ಅತ್ತೆಯವರೂ ಬರುತ್ತೇನೆ ಎನ್ನುತ್ತಾರೆ. ಪಾಳು ಮನೆ ಕಂಡು ಅವರು ಕುಸಿದಾರೆಂದು ಪತಿ ಒಪ್ಪುತ್ತಿಲ್ಲ. ನೀವೂ ಅಲ್ಲಿಯವರೇ, ಏನು ಹೇಳುತ್ತೀರಿ?

ಉತ್ತರ: ಅತ್ತೆಯವರನ್ನು ಬಿಟ್ಟು ಹೋಗಲೇಬೇಡಿ. 1995ರ ಅಕ್ಟೋಬರ್ ಕೊನೆಯಲ್ಲಿ ಶ್ರೀಲಂಕಾ ಸೇನೆ ಜಾಫ್ನಾಕ್ಕೆ ಹತ್ತಿರವಾದಾಗ, ಮಳೆಯಲ್ಲಿ ಊರು ದಾಟಿಸುವ ನಾವತ್ಕುಳಿ ಸೇತುವೆಯತ್ತ ನಡೆದ ಜನಸಾಗರದಲ್ಲಿ ನಾನೂ ಇದ್ದೆ, ಅಪ್ಪನ ಸೈಕಲ್ಲಿನ ಮುಂದೆ ಕುಳಿತ ಪುಟ್ಟ ಹುಡುಗಿ. 2009ರಲ್ಲಿ ಯುದ್ಧ ಮುಗಿದು, 2014ರಲ್ಲಿ ಕೊಲಂಬೊದ ಯಾಳ್‌ದೇವಿ ರೈಲು ಮತ್ತೆ ಜಾಫ್ನಾ ತಲುಪಿದ ಮೇಲೆ ಹೋದೆ. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದರು. ಓಣಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಹೆಸರೆತ್ತಿದೊಡನೆ ಅಜ್ಜಿಯೊಬ್ಬರು ಕೈಹಿಡಿದು ಒಳಗೆ ಕೂರಿಸಿಕೊಂಡರು. ಯಾರ ಮಗ ಕಾಣೆಯಾದ, ಯುದ್ಧದ ಕೊನೆಯ ಕಾಳಗ ನಡೆದ ಮುಳ್ಳಿವಾಯ್ಕಾಲಿನಿಂದ ಯಾರು ಮರಳಲಿಲ್ಲ ಎಂದು ಒಂದೊಂದಾಗಿ ಹೇಳಿದರು. ನನಗೆ ಆ ಹೆಸರುಗಳ ಹಿಂದಿನ ಮುಖಗಳೇ ನೆನಪಿಲ್ಲ. ಅಮ್ಮ ಇದ್ದಿದ್ದರೆ ಇಬ್ಬರೂ ಸೇರಿ ಅತ್ತಿರುತ್ತಿದ್ದರು. ಆ ಅಜ್ಜಿ ಕಾದಿದ್ದು ನನಗಾಗಿ ಅಲ್ಲ.

ಇನ್ನೊಂದು ಮಾತು. ಜಾಫ್ನಾದ ತೇಸವಳಮೈ ಕಟ್ಟಳೆಯಂತೆ ಮನೆ ಸಾಮಾನ್ಯವಾಗಿ ಮಗಳಿಗೆ ವರದಕ್ಷಿಣೆಯಾಗಿ ಬರುತ್ತದೆ. ನಿಮ್ಮ ಪತಿ ನೋಡಬೇಕೆಂದಿರುವ ಮನೆ ಅತ್ತೆಯವರ ಹೆಸರಿನಲ್ಲೇ ಇದ್ದೀತು. ಬೇಲಿ ಎಲ್ಲಿತ್ತು, ಬಾವಿಯಲ್ಲಿ ಯಾರಿಗೆ ಪಾಲಿತ್ತು ಎಂಬುದು ಒಂಬತ್ತರ ಹುಡುಗನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ತೆಲ್ಲಿಪ್ಪಳೈ ಸುತ್ತಿನ ಬಹಳಷ್ಟು ಜಮೀನು ಸೇನೆಯ ಅತಿ ಭದ್ರತಾ ವಲಯಕ್ಕೆ ಸೇರಿತ್ತು, ಯುದ್ಧದ ನಂತರ ಕಂತುಕಂತಾಗಿ ಬಿಟ್ಟುಕೊಟ್ಟರು. ನಿಮ್ಮದು ಬಿಡುಗಡೆಯಾಗಿದೆಯೇ ಎಂದು ಟಿಕೆಟ್ ತೆಗೆಯುವ ಮುನ್ನವೇ ಅಲ್ಲಿನ ಗ್ರಾಮ ಸೇವಕರನ್ನು ವಿಚಾರಿಸಿ. ಊರವರು ಸರಿ ಎನ್ನದೆ ಯಾವ ಪೊದೆಯೊಳಗೂ ಮಕ್ಕಳನ್ನು ಬಿಡಬೇಡಿ. ತಲೆಬುರುಡೆಯ ಕೆಂಪು ಫಲಕವೆಂದರೆ ನೆಲಬಾಂಬು.

ಸೂರು ಹೋಗಿರಬಹುದು, ಗೋಡೆಯಲ್ಲಿ ಆಲದ ಬೇರು ಇಳಿದಿರಬಹುದು. ಅತ್ತೆಯವರು ಅಳುತ್ತಾರೆ. ಅಳಲಿ. ಇಷ್ಟು ವರ್ಷ ಪರದೇಶದಲ್ಲಿ ನುಂಗಿಕೊಂಡದ್ದನ್ನು ಅಲ್ಲಿ ಅಳದೆ ಇನ್ನೆಲ್ಲಿ ಅಳಬೇಕು? ಆ ದಿನ ಬೇರಾವ ಓಡಾಟವನ್ನೂ ಇಟ್ಟುಕೊಳ್ಳಬೇಡಿ. ನಲ್ಲೂರಿನ ದೇವಸ್ಥಾನ, 1981ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದು ನಿಂತ ಜಾಫ್ನಾ ಗ್ರಂಥಾಲಯ ಎಲ್ಲವನ್ನೂ ಮಕ್ಕಳಿಗೆ ಮರುದಿನ ತೋರಿಸಿದರಾಯಿತು.